ಪುರಾಣಪೀಠದ ಮೇಲೊಂದು ಹಳೆಯ ಲ್ಯಾಪ್‌ಟಾಪು

ನನ್ನ ಮುಂದೆ ಈಗ ಒಂದು ಕೆಂಪು ನೂಲಿನ ಹುರಿ ಇದೆ. ಒಂದು ಮಾರು ಉದ್ದ, ಕಿರುಬೆರಳಿನ ದಪ್ಪ. ಎರಡೂ ತುದಿಗಳಲ್ಲಿ ಎಳೆ ಬಿಚ್ಚಿಹೋಗದಂತೆ ಹಾಕಿದ ಸಣ್ಣ ಗಂಟುಗಳು. ನಮ್ಮ ಮನೆಯ ಪುರಾಣದ ಗ್ರಂಥವನ್ನು ಅರ್ಧ ಶತಮಾನ ಕಟ್ಟಿಟ್ಟ ಹುರಿ ಇದು. ಬಿಸಾಡಲು ಮನಸ್ಸು ಬಾರದು, ಬಳಸಲು ಕೈ ಬಾರದು. ಹೀಗಾಗಿ ಕಳೆದ ಶ್ರಾವಣದಿಂದ ಅದು ದೇವರ ಮನೆಯ ಗೂಡಿನಲ್ಲಿ, ನಿವೃತ್ತನಾದ ಗುಮಾಸ್ತನಂತೆ ಸುರುಳಿ ಸುತ್ತಿಕೊಂಡು ಕುಳಿತಿದೆ. ಇಂದು ದೀಪದ ಬತ್ತಿ ಹುಡುಕುವಾಗ ಕೈಗೆ ಸಿಕ್ಕಿತು. ಸಿಕ್ಕಿದ್ದೇ ತಡ, ಆ ಶ್ರಾವಣದ ಸಿಟ್ಟೆಲ್ಲ ಮತ್ತೆ ನೆತ್ತಿಗೇರಿತು. ಓದುಗರು ಮನ್ನಿಸಬೇಕು. ಶಾಸ್ತ್ರ ಓದಿದವನು ಸಿಟ್ಟು ಮಾಡಬಾರದೆಂದು ಪ್ರತಿವರ್ಷ ಗುಡಿಯಲ್ಲಿ ಕುಳಿತು ಜನರಿಗೆ ಬಿಡಿಸಿ ಹೇಳುವವನು ನಾನೇ. ಆದರೆ ಹಾಗೆ ಹೇಳುವಾಗ ನನ್ನ ಮುಂದೆ ಹಳೆಯ ಲ್ಯಾಪ್‌ಟಾಪು ಇರುತ್ತಿರಲಿಲ್ಲ.

ಪುಸ್ತಕ ಕಟ್ಟುವುದು ನಮ್ಮ ಕಾಲದ ಪಾಠಶಾಲೆಯಲ್ಲಿ ಒಂದು ವಿದ್ಯೆಯೇ ಆಗಿತ್ತು. ಬಿಡಿ ಹಾಳೆಗಳ ಗ್ರಂಥ. ಕೆಳಗೊಂದು ಹಲಗೆ, ಮೇಲೊಂದು ಹಲಗೆ, ಸುತ್ತ ಮಡಿವಸ್ತ್ರ, ಅದರ ಮೇಲೆ ಹುರಿ. ಹಿಂದಿನ ಲಿಪಿಕಾರರು ಗ್ರಂಥ ಬರೆದು ಮುಗಿಸಿದ ಮೇಲೆ ಎಣ್ಣೆ, ನೀರು, ಸಡಿಲವಾದ ಕಟ್ಟು ಈ ಮೂರರಿಂದ ಅದನ್ನು ಕಾಪಾಡಿರೆಂದು ಓದುವವರಿಗೆ ಕೈಮುಗಿಯುತ್ತಿದ್ದರಂತೆ. ನಮ್ಮ ಗುರುಗಳಿಗೆ ಎಣ್ಣೆ ನೀರುಗಳಿಗಿಂತ ಸಡಿಲ ಕಟ್ಟಿನ ಮೇಲೆ ಹೆಚ್ಚು ಕೋಪ. ಸಂಜೆ ನಾವು ಕಟ್ಟಿದ ಕಟ್ಟನ್ನು ಒಂದೇ ಕೈಯಲ್ಲಿ ತಲೆಕೆಳಗಾಗಿ ಹಿಡಿದು ಕೊಡವುತ್ತಿದ್ದರು. ನನ್ನ ಕಟ್ಟಿನಿಂದ ಧೂಳು ಕೂಡ ಉದುರುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು ಓದುತ್ತಿದ್ದ ವಿರೂಪಾಕ್ಷಯ್ಯನ ಕಟ್ಟನ್ನು ಕೊಡವಿದರೆ ಇಡೀ ಅಂಗಳದಲ್ಲಿ ಪುರಾಣ ಹಾರಾಡುತ್ತಿತ್ತು. ಅವನೂ ನಾನೂ ಬೇವಿನ ಮರದ ಕೆಳಗೆ, ಬಾವಿಯ ಕಟ್ಟೆಯ ಮೇಲೆ, ಒಮ್ಮೆಯಂತೂ ದನದ ಗೋದಲಿಯಲ್ಲಿ ಹಾಳೆ ಹೆಕ್ಕಿದ್ದುಂಟು. ಎಮ್ಮೆ ಅರ್ಧ ಅಗಿದಿದ್ದ ಹಾಳೆಯನ್ನು ಅದರ ಬಾಯಿಂದ ಎಳೆದು, ಉಳಿದರ್ಧವನ್ನು ಬಾಯಿಪಾಠದಿಂದ ರಾಗವಾಗಿ ಹಾಡಿ, ಪೆಟ್ಟು ತಪ್ಪಿಸಿಕೊಂಡ ಪುಣ್ಯಾತ್ಮ ಅವನು. ಆ ಕಂಠ ಕೇಳಿದ ಮೇಲೆ ಗುರುಗಳ ಕೋಲು ತಾನಾಗಿಯೇ ಕೆಳಗಿಳಿಯುತ್ತಿತ್ತು. ನನ್ನ ಗಂಟನ್ನು ಅವರು ಹೊಗಳುತ್ತಿದ್ದರು. ಅವನ ಕಂಠವನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ವ್ಯತ್ಯಾಸ ನನಗೆ ಆಗಲೇ ತಿಳಿದಿತ್ತು.

ಮುಂದೆ ಮಸ್ಕಿಯ ನಮ್ಮ ಓಣಿಯ ಗುಡಿಯಲ್ಲಿ ಶ್ರಾವಣದ ಪುರಾಣ ನಮ್ಮಿಬ್ಬರ ಪಾಲಿಗೆ ಬಂತು. ನಮ್ಮ ಕಡೆಯ ಪದ್ಧತಿ ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಪುರಾಣಕ್ಕೆ ಇಬ್ಬರು ಬೇಕು. ಒಬ್ಬ ರಾಗವಾಗಿ ಪದ್ಯ ಓದುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ. ಓದುವವನು ಎಲ್ಲಿ ನಿಲ್ಲಬೇಕೆಂಬುದನ್ನು ಅರ್ಥ ಹೇಳುವವನು ಬಾಯಿಬಿಟ್ಟು ಹೇಳುವುದಿಲ್ಲ; ಬಲಗೈಯನ್ನು ಮೊಣಕಾಲ ಮೇಲಿಂದ ತುಸು ಎತ್ತುತ್ತಾನೆ, ಅಷ್ಟೇ. ವಿರೂಪಾಕ್ಷಯ್ಯ ಎಷ್ಟೇ ತನ್ಮಯನಾಗಿದ್ದರೂ ಅವನ ಓರೆಗಣ್ಣು ನನ್ನ ಕೈಯ ಮೇಲೆಯೇ. ಇದರ ಜೊತೆಗೆ ಅವನದೊಂದು ವ್ರತ: ಶ್ರಾವಣ ಮುಗಿಯುವತನಕ ಆ ದಿನದ ಅಧ್ಯಾಯ ಮುಗಿಯದೆ ಅನ್ನ ಮುಟ್ಟುವುದಿಲ್ಲ. ಬೆಳಿಗ್ಗೆ ಒಂದು ಲೋಟ ಹಾಲು, ಸಂಜೆ ಪುರಾಣವಾದ ಮೇಲೆ ಊಟ. ಅರ್ಥ ಹೇಳದ ಓದು ಅವನ ಲೆಕ್ಕದಲ್ಲಿ ಓದೇ ಅಲ್ಲ.

ಕಳೆದ ಶ್ರಾವಣಕ್ಕೆ ಮುಂಚೆ ಅವನು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಲಿಂಗಸುಗೂರಿನಲ್ಲಿರುವ ಅವನ ಮಗಳು ಶಾಂತವ್ವ ತನ್ನ ಮನೆಗೆ ಕರೆದೊಯ್ದಳು. ನೋಡಲು ಹೋದೆ. ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದ.

“ಈ ವರ್ಷ ವ್ರತ ಬಿಡು ಮಾರಾಯ. ಸಕ್ಕರಿ ಕಾಯಿಲಿ ಬ್ಯಾರೆ ಐತಿ,” ಎಂದೆ.

“ಸೊಂಟ ಮುರದೈತಿ, ಗಂಟಲ ಮುರದಿಲ್ಲ,” ಎಂದ. “ನೀ ಬ್ಯಾರೆ ಯಾರಿಗಾರ ಓದಾಕ ಹೇಳಿದಿ ಅಂದ್ರ ನೋಡು, ಬಿದ್ದಲ್ಲಿಂದನ ಶಾಪ ಹಾಕತೀನಿ.”

“ಹಂಗಾರ ನಾನ ದಿನಾ ಇಲ್ಲಿಗೆ ಬರ್ತೀನಿ.”

“ಗುಡಿ ಬಿಟ್ಟು ನೀ ಇಲ್ಲಿ ಬಂದ್ರ ಅಲ್ಲಿ ಕೇಳೋ ಮಂದಿ ಏನ್ ಕಂಬಕ್ಕ ಅರ್ಥ ಕೇಳಬೇಕೇನ್ಲೇ?”

ಉಪಾಯ ಹುಡುಕಿದವಳು ಶಾಂತವ್ವ. ಅವಳ ಮೊಬೈಲನ್ನು ಅಪ್ಪನ ಮುಂದೆ ಇಡುವುದು. ನಮ್ಮ ಗುಡಿಯಲ್ಲಿ ಒಂದು ಲ್ಯಾಪ್‌ಟಾಪು ಇಡುವುದು. ಅವನು ಅಲ್ಲಿಂದ ಓದಿದರೆ ಇಲ್ಲಿ ಮುಖವೂ ಕಾಣಬೇಕು, ಧ್ವನಿಯೂ ಕೇಳಬೇಕು. ನನ್ನ ಕೈ ಎತ್ತಿದ್ದು ಅವನಿಗೆ ಕಾಣಬೇಕು. ನನ್ನ ಬಳಿ ಇರುವುದು ಗುಂಡಿ ಒತ್ತುವ ಸಾದಾ ಫೋನು. ನನ್ನ ಮೈದುನ ಹೊಸ ಲ್ಯಾಪ್‌ಟಾಪು ಕೊಂಡಾಗ ಹಳೆಯದನ್ನು ನಮ್ಮ ಮನೆಯ ಅಲಮಾರಿನಲ್ಲಿ ಬಿಟ್ಟುಹೋಗಿದ್ದ. ತೂಕದಲ್ಲಿ ಖಾರ ಅರೆಯುವ ಕಲ್ಲಿಗೆ ಸಮ. ಗುಡಿಯ ಪಕ್ಕದ ಕಿರಾಣಿ ಅಂಗಡಿಯ ಬಸವರಾಜಪ್ಪ ತನ್ನ ವೈಫೈ ಬಳಸಿಕೊಳ್ಳಿರೆಂದ. ಪದ್ಯಗಳೆಲ್ಲ ಅವನಿಗೆ ಬಾಯಿಪಾಠ; ಹೀಗಾಗಿ ಗ್ರಂಥ ಮನೆಯಲ್ಲೇ ಉಳಿಯಿತು, ಗ್ರಂಥವಿಡುವ ಪೀಠದ ಮೇಲೆ ಲ್ಯಾಪ್‌ಟಾಪು ಏರಿತು. ಅದರ ಹಣೆಗೆ ನಾನೇ ವಿಭೂತಿ ಹಚ್ಚಿದೆ. ಮೊದಲ ಕೆಲವು ದಿನ, ಸುಳ್ಳು ಹೇಳಬಾರದು, ಎಲ್ಲವೂ ದೈವಕೃಪೆಯಿಂದ ಸುಸೂತ್ರವಾಗಿ ನಡೆಯಿತು. ತೆರೆಯ ಮೇಲೆ ವಿರೂಪಾಕ್ಷಯ್ಯ ಓದುತ್ತಾನೆ, ನಾನು ಕೈ ಎತ್ತುತ್ತೇನೆ, ಅಲ್ಲಿ ಅವನು ನಿಲ್ಲುತ್ತಾನೆ. ಹೆಂಗಸರು ತೆರೆಗೆ ಆರತಿ ಬೆಳಗಿದರು.

ಆಮೇಲೆ ಚೀಲದ ಪ್ರಶ್ನೆ ಎದ್ದಿತು. ನಾನು ಲ್ಯಾಪ್‌ಟಾಪನ್ನು ಮನೆಯಿಂದ ಗುಡಿಗೆ ತರುತ್ತಿದ್ದುದು ಅದರ ಕರಿಯ ಚೀಲದಲ್ಲಿ. ಚರ್ಮದ ವಸ್ತು ಗುಡಿಯೊಳಗೆ ಬರಬಾರದು. ಅದನ್ನು ಯಾರೂ ಎತ್ತಿ ಆಡಲಿಲ್ಲ. ನನಗೇ ಹೊಳೆದು ಮನಸ್ಸು ಅಳುಕಿತು. ನನ್ನ ಹೆಂಡತಿ ಗೌರಮ್ಮ ಚೀಲವನ್ನು ತಿಕ್ಕಿ ನೋಡಿ, “ಇದು ಚರ್ಮ ಅಲ್ರಿ, ರೆಕ್ಸಿನ್. ಯಾವ ದನಾನೂ ಇದನ್ನ ಹೊತ್ತಿಲ್ಲ,” ಎಂದಳು. ಆದರೂ ಸಂಶಯವೆಂಬುದು ಒಮ್ಮೆ ಬಂದ ಮೇಲೆ ಮಡಿ ಉಳಿಯುವುದೆಂತು? ಪುರಾಣ ಹೊತ್ತು ಬರುವ ವಸ್ತುವಿಗೆ ಪುರಾಣದ ಮರ್ಯಾದೆಯೇ ಸಲ್ಲಬೇಕೆಂದು ಮಡಿವಸ್ತ್ರ ಸುತ್ತಿ, ಈ ಕೆಂಪು ಹುರಿಯಿಂದ, ಗುರುಗಳು ಕಲಿಸಿದಂತೆ ಬಲದಿಂದ ಎಡಕ್ಕೆ ಜಗ್ಗಿ ಎಳೆದು, ಮುಂಭಾಗದಲ್ಲಿ ಗಂಟು ಹಾಕಿ, ಎದೆಗೆ ಅವಚಿಕೊಂಡು ಗುಡಿಗೆ ಹೋದೆ.

ಆ ಸಂಜೆ ತೆರೆಯ ಮೂಲೆಯಲ್ಲಿ ಸಣ್ಣದೊಂದು ಕೆಂಪು ಕತ್ತರಿ ಗುರುತು ಕಂಡಿತು. ವೈಫೈ ಇಲ್ಲ.

ಬಸವರಾಜಪ್ಪ ತನ್ನ ಅಂಗಡಿಯ ವೈಫೈ ಡಬ್ಬಿಯನ್ನು ಆರಿಸಿ ಹಚ್ಚಿದ. ನಾನು ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಯಂತ್ರವೇ ತನ್ನ ದೋಷವನ್ನು ತಾನು ಹುಡುಕಿಕೊಳ್ಳುವ ಒಂದು ವ್ಯವಸ್ಥೆ ಅದರೊಳಗೆ ಇದೆಯಂತೆ. ಆತ್ಮಶೋಧನೆ ಎಂದು ಮೊದಲು ನನಗೆ ಅದರ ಮೇಲೆ ಗೌರವವೇ ಹುಟ್ಟಿತು. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಬಹಳ ಹೊತ್ತು ಹರಿದಾಡಿ, ಕೊನೆಗೆ, ದೋಷ ಪತ್ತೆಯಾಗಲಿಲ್ಲ ಎಂದು ಕೈತೊಳೆದುಕೊಂಡಿತು. ಆತ್ಮಶೋಧನೆ ಮಾಡಿಕೊಳ್ಳುವ ಮನುಷ್ಯರೂ ಬಹುತೇಕ ಇದೇ ತೀರ್ಮಾನಕ್ಕೆ ಬರುವುದನ್ನು ಕಂಡಿದ್ದೇನೆ.

ಬಸವರಾಜಪ್ಪ ತನ್ನ ಮೊಬೈಲನ್ನೇ ಪೀಠದ ಮೇಲೆ ತಂದಿಟ್ಟ. ತೆಂಗಿನ ಹೋಳಿನಷ್ಟು ತೆರೆ. ಅದರ ಕ್ಯಾಮೆರಾ ನನ್ನ ಮೊಣಕಾಲಿನತನಕ ಇಳಿಯದು; ನನ್ನ ಕೈ ವಿರೂಪಾಕ್ಷಯ್ಯನಿಗೆ ಕಾಣದು, ಅಷ್ಟು ಸಣ್ಣ ತೆರೆಯಲ್ಲಿ ಅವನ ಮುಖ ನನಗೆ ಕಾಣದು. ನಾನು ಕೈ ಎತ್ತಿದರೂ ಅವನು ಓದುತ್ತಲೇ ಹೋದ. ಅವನು ನಿಂತಾನೆಂದು ನಾನು ಅರ್ಥ ತೆಗೆದೆ. ಪದ್ಯವೂ ಅರ್ಥವೂ ಸಂತೆಯಲ್ಲಿ ಎದುರಾದ ಎರಡು ಗಾಡಿಗಳಂತೆ ಗಾಲಿಗೆ ಗಾಲಿ ಸಿಕ್ಕಿಕೊಂಡವು. ಶರಣನೊಬ್ಬನ ಸಮಾಧಿಸ್ಥಿತಿಯ ವರ್ಣನೆ ನಡೆದಿರುವಾಗ ಮೊಬೈಲು ಕುಣಿಕುಣಿದು ಹಾಡತೊಡಗಿತು. ಸಿಂಧನೂರಿನ ಅಕ್ಕಿ ಮಿಲ್ಲಿನಿಂದ ಕರೆ. ಬಸವರಾಜಪ್ಪ ಓಡಿಬಂದು ಒತ್ತಬಾರದ್ದನ್ನು ಒತ್ತಿದ. ಗುಡಿಯ ಧ್ವನಿವರ್ಧಕದಲ್ಲಿ ಇಡೀ ಓಣಿಗೆ ಕೇಳುವಂತೆ, “ಶೇಟ್ರ, ಸೋನಾ ಮಸೂರಿ ಹಳೇದು ಕಳಸ್ಲ್ಯಾ, ಹೊಸಾದು ಕಳಸ್ಲ್ಯಾ?” ಎಂಬ ಪ್ರಶ್ನೆ ಮೊಳಗಿತು. ಹಿಂದಿನ ಸಾಲಿನಿಂದ ಯಾರೋ, “ಹಳೇದ ಕಳಸ್ರಿ, ಅನ್ನ ಉದುರಾಕ್ಕೈತಿ,” ಎಂದರು. ಅಂದಿನ ಪುರಾಣ ಅಲ್ಲಿಗೆ ಮಂಗಳ.

ಸ್ವಲ್ಪ ಹೊತ್ತಿಗೆ ನನ್ನ ಸಾದಾ ಫೋನಿಗೆ ಶಾಂತವ್ವ ಕರೆದಳು. “ಕಾಕಾ, ಅಪ್ಪ ಊಟ ಒಲ್ಲೆ ಅಂತಾನ್ರಿ. ಅಧ್ಯಾಯ ಮುಗಿದಿಲ್ಲ ಅಂತ ಗ್ವಾಡಿ ಕಡೆ ಮುಖ ಮಾಡ್ಯಾನ. ಹಸಕೊಂಡ್ರ ಸಕ್ಕರಿ ಇಳಿತೈತಿ ಅಂತ ಡಾಕ್ಟ್ರು ಹೇಳ್ಯಾರ. ಏನರ ಮಾಡ್ರಿ.”

ಮರುದಿನ ಬೆಳಿಗ್ಗೆಯೇ ಲ್ಯಾಪ್‌ಟಾಪನ್ನು ಎದೆಗೆ ಅವಚಿ ಸಿಂಧನೂರಿನ ಬಸ್ಸು ಹತ್ತಿದೆ. ಊರ ಬಳಿಯ ಬಂಡೆಯ ಮೇಲೆ ಪ್ರಾಚೀನ ದೊರೆಯೊಬ್ಬ ಬರೆಯಿಸಿದ ಶಾಸನವನ್ನು ಇಂದಿಗೂ ಬಲ್ಲವರು ಬಂದು ಓದುತ್ತಾರೆ. ಕಿಟಕಿಯಿಂದ ಆ ಗುಡ್ಡವನ್ನು ನೋಡುತ್ತ ನನಗೆ ಹೊಟ್ಟೆಯುರಿಯಿತು. ಬಿಸಿಲು, ಮಳೆ, ಮೇಕೆ, ಪ್ರವಾಸಿಗರು, ಇಷ್ಟೆಲ್ಲವನ್ನೂ ಸಹಿಸಿ ಅದು ಇಂದೂ ಹೇಳಬೇಕಾದದ್ದನ್ನು ಹೇಳುತ್ತದೆ. ನನ್ನ ತೊಡೆಯ ಮೇಲಿರುವುದಕ್ಕೆ ಮೊನ್ನೆ ಬಂದದ್ದು ನಿನ್ನೆ ಬರಲಿಲ್ಲ!

ಸಿಂಧನೂರಿನಲ್ಲಿ ಲ್ಯಾಪ್‌ಟಾಪು ರಿಪೇರಿ ಮಾಡುವ ಖಾಜಾಸಾಬ ನನ್ನ ಮೈದುನನಿಗೆ ಪರಿಚಯದವನು. ನಲವತ್ತು ದಾಟಿದ ಮಾತುಗಾರ. ನಾನು ಹುರಿ ಬಿಚ್ಚುವುದನ್ನು ಕಣ್ಣರಳಿಸಿ ನೋಡಿದ. ಗಂಟಿಗೆ ನಾನು ಹಲ್ಲು ಹಚ್ಚಬೇಕಾಯಿತು.

“ಅಜ್ಜಾರ, ಒಳಗ ಏನರ ಜೀವಂತ ಐತೇನ್ರಿ, ಓಡಿಹೋಗತೈತಂತ ಕಟ್ಟೀರಿ?”

ನಾನು ನಗಲಿಲ್ಲ. ಅವನು ಯಂತ್ರವನ್ನು ಎತ್ತಿಕೊಂಡು ಅದರ ಬಾಯಿ ತೆರೆದು ಒಳಗೆ ಊದಿದ. ಬಿಳಿಯ ಹುಡಿ ಎದ್ದಿತು.

“ಮಿಲ್ಲಿನ ಲ್ಯಾಪ್‌ಟಾಪ್ ಬಂದ್ರ ತೌಡು ಬರತೈತಿ. ಇದೇನ್ರೀ ಇದು?”

“ವಿಭೂತಿ,” ಎಂದೆ.

“ಚೊಲೋ ಆತು. ಇನ್ನ ಮ್ಯಾಲ ಇದಕ್ಕ ವೈರಸ್ ಬರಂಗಿಲ್ಲ ಬಿಡ್ರಿ.”

ಯಂತ್ರದ ಬೆನ್ನು ಬಿಚ್ಚಿ ವೈಫೈ ಕಾರ್ಡು ಎಂಬುದನ್ನು ತೋರಿಸಿದ. ಅಂಚೆ ಚೀಟಿಗಿಂತ ತುಸು ದೊಡ್ಡದೊಂದು ಹಸಿರು ಬಿಲ್ಲೆ. ಅದಕ್ಕೆ ಒಂದು ಕರಿ, ಒಂದು ಬಿಳಿ, ಶಿವದಾರದಷ್ಟು ತೆಳ್ಳಗಿನ ಎರಡು ತಂತಿ. ನನ್ನ ಗೆಳೆಯನ ಊಟ ಇಷ್ಟೇ ಇಷ್ಟು ಬಿಲ್ಲೆಯ ಮೇಲೆ ನಿಂತಿದೆಯಲ್ಲ ಎಂದು ಕೈಮುಗಿಯಬೇಕೆನಿಸಿತು. ಎರಡು ಏಟು ಹಾಕಬೇಕೆಂದೂ ಅನಿಸಿತು. ಖಾಜಾಸಾಬ ಅದರ ಹಲ್ಲುಗಳನ್ನು ಪೆನ್ಸಿಲು ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂಡಿಸಿ, ಹಚ್ಚಿದ. ಕೆಂಪು ಕತ್ತರಿ ಮಾಯ! ಅವನ ಅಂಗಡಿಯ ವೈಫೈ ಧಾರಾಳವಾಗಿ ಹರಿಯಿತು. ನಾನು ಸಂತೋಷದಿಂದ ಅಲ್ಲಿಯೇ ಮಡಿವಸ್ತ್ರ ಸುತ್ತಿ, ಬಲದಿಂದ ಎಡಕ್ಕೆ ಜಗ್ಗಿ ಎಳೆದು, ಗಂಟು ಹಾಕಿ, ಮಸ್ಕಿಗೆ ಮರಳಿದೆ.

ಗುಡಿಯಲ್ಲಿ ಬಿಚ್ಚಿದರೆ ಕೆಂಪು ಕತ್ತರಿ!

ಓದುಗರೇ, ಆ ಹೊತ್ತಿನ ನನ್ನ ಮನಃಸ್ಥಿತಿಯನ್ನು ವರ್ಣಿಸಲು ನಾನು ಕಲಿತ ಅಲಂಕಾರಶಾಸ್ತ್ರ ಸಾಲದು. ಖಾಜಾಸಾಬನಿಗೆ ಫೋನು ಮಾಡಿದೆ. “ಇಲ್ಲಿ ನಡೀತಿತ್ತಲ್ರಿ! ನಿಮ್ಮೂರ ವೈಫೈನ ಸರಿ ಇಲ್ಲ,” ಎಂದ. ಬಸವರಾಜಪ್ಪನನ್ನು ಕೇಳಿದರೆ, “ನನ್ನ ಮೊಬೈಲಿನ್ಯಾಗ ಬರಾಕತ್ತೈತಿ. ನಿಮ್ಮ ಲ್ಯಾಪ್‌ಟಾಪ್‌ನ ಸರಿ ಇಲ್ಲ,” ಎಂದ. ಇಬ್ಬರೂ ಸತ್ಯವಂತರು, ಇಬ್ಬರೂ ನಿರಪರಾಧಿಗಳು. ನಡುವೆ ನಾನೊಬ್ಬ, ಆಚೆ ಲಿಂಗಸುಗೂರಿನಲ್ಲಿ ಹಸಿದು ಕೂತ ಅವನೊಬ್ಬ. ಅಂದು ಮೊಬೈಲಿನಲ್ಲಿಯೇ ಕೈಗೆ ಬದಲು ಗಂಟೆ ಬಾರಿಸಿ ಹೇಗೋ ಅಧ್ಯಾಯ ದಾಟಿಸಿದೆವು. “ಇದು ಪುರಾಣ ಅಲ್ಲ, ಶಾಲಿ ಬಿಟ್ಟಂಗ ಆತು,” ಎಂದು ಗೊಣಗಿ ಅವನು ಒಂದು ತುತ್ತು ಉಂಡನಂತೆ.

ಮತ್ತೆ ಸಿಂಧನೂರು. ಈ ಸಲ ಖಾಜಾಸಾಬ ಕಾರ್ಡನ್ನೇ ಬದಲಿಸಿದ. “ಯಾ ಅಲ್ಲಾ, ನನ್ನ ದುಕಾನಕ್ಕ ಬಂದ ಕೂಡ್ಲೆ ಇದಕ್ಕ ಜ್ವರ ಬಿಡತೈತಿ ನೋಡ್ರಿ,” ಎಂದು ತಲೆ ಕೆರೆದುಕೊಂಡ. ಬಸ್ಸು ಹೊರಟಿತೆಂದು ಯಾರೋ ಕೂಗಿದರು. ಗಂಟು ಹಾಕಲು ಸಮಯವಿಲ್ಲ. ವಸ್ತ್ರವನ್ನೂ ಹುರಿಯನ್ನೂ ಕೈಚೀಲಕ್ಕೆ ತುರುಕಿ, ಯಂತ್ರವನ್ನು ಹೆಗಲ ಶಲ್ಯದಲ್ಲಿ ಸುತ್ತಿಕೊಂಡು ಓಡಿದೆ. ಆ ಸಂಜೆ ವಿರೂಪಾಕ್ಷಯ್ಯ ತೆರೆಯ ಮೇಲೆ ಪೂರ್ಣಚಂದ್ರನಂತೆ ಉದಯಿಸಿದ. ಅವನ ಕಣ್ಣು ನನ್ನ ಕೈಯ ಮೇಲಿತ್ತು. ಬಹು ದಿನಗಳ ಮೇಲೆ ಪುರಾಣ ಪುರಾಣದಂತೆ ನಡೆಯಿತು. ಹೊಸ ಕಾರ್ಡಿಗೆ ಮನಸಾರೆ ಹರಸಿದೆ. ಮಾರನೆಯ ದಿನ ಆ ಕೃತಜ್ಞತೆಯಿಂದಲೇ, ಎಂದಿಗಿಂತ ಹೆಚ್ಚು ಭಕ್ತಿಯಿಂದ, ಎಂದಿಗಿಂತ ಬಿಗಿಯಾಗಿ ಹುರಿ ಕಟ್ಟಿದೆ.

ಕೆಂಪು ಕತ್ತರಿ ಮತ್ತೆ ಬಂದು ಕೂತಿತು. ಮುಂದಿನ ದಿನಗಳೂ ಹಾಗೆಯೇ. ಗಂಟೆಯ ಪುರಾಣ, ಒಂದು ತುತ್ತಿನ ಊಟ. ಶಾಂತವ್ವನ ಧ್ವನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. “ನಿನ್ನೆ ಅಪ್ಪನ ಕೈಯಾಗಿನ ಲೋಟ ಜಾರಿ ಬಿತ್ತು ಕಾಕಾ,” ಎಂದಳು ಒಮ್ಮೆ.

ಪುರಾಣ ಮುಗಿಯುವ ಮಂಗಳದ ದಿನ ಬಂತು. ಅಂದು ಗುಡಿಯಲ್ಲಿ ಗೋಧಿ ಹುಗ್ಗಿಯ ಪ್ರಸಾದ. ಅಂದಿನ ಮೊದಲ ಎಲೆ ಓದಿದವನದು. ಅವನು ಮೊದಲ ತುತ್ತು ಎತ್ತದೆ ಗುಡಿಯಲ್ಲಿ ಒಬ್ಬರೂ ಎಲೆಗೆ ಕೈ ಹಾಕುವುದಿಲ್ಲ. ಲಿಂಗಸುಗೂರಿನಿಂದ ಅವನು ಸಂದೇಶ ಕಳಿಸಿದ್ದ: ಮಂಗಳದ ಪದ್ಯವನ್ನು ಗಂಟೆ ಬಾರಿಸಿ ಓದಿಸಿದರೆ ತಾನು ಓದುವುದಿಲ್ಲ, ಕೈ ಕಂಡರೆ ಓದು, ಓದಿದರೆ ಊಟ.

ನಾನು ಪೀಠದ ಮುಂದೆ ಕುಳಿತು ಹುರಿಯ ಗಂಟು ಬಿಚ್ಚತೊಡಗಿದೆ. ಬಿಚ್ಚದು. ಉಗುರು ಮುರಿಯಿತು. ಜನ ತುಂಬಿದೆ, ಹುಗ್ಗಿಯ ಏಲಕ್ಕಿ ವಾಸನೆ ಗುಡಿಯೊಳಗೆಲ್ಲ ಹರಡಿದೆ. ಕೊನೆಗೆ ಬಿಚ್ಚಿ, ತೆರೆದು, ಹಚ್ಚಿದೆ. ಕೆಂಪು ಕತ್ತರಿ. ಹಸಿರು ಪಟ್ಟಿ ಮತ್ತೊಮ್ಮೆ ಆತ್ಮಶೋಧನೆಗೆ ತೊಡಗಿತು. ನನ್ನ ಬಾಯಿಂದ, ಪೀಠದ ಮುಂದೆ ಕುಳಿತು ಆಡಬಾರದ ಒಂದು ಮಾತು ಬಂದೇಬಂದಿತು. ಅದು ಧ್ವನಿವರ್ಧಕದಲ್ಲಿ ಕೇಳಿತೆಂಬುದನ್ನು ಜನ ಇಂದಿಗೂ ನೆನಪಿಸುತ್ತಾರೆ.

ಹೆಂಗಸರ ಕಡೆಯಿಂದ ಗೌರಮ್ಮ ಎದ್ದು ಬಂದಳು. ಮೆಲ್ಲಗೆ ಹೇಳಿದರೂ ಮೈಕಿನ ಕೃಪೆಯಿಂದ ಎಲ್ಲರಿಗೂ ಕೇಳಿತು.

“ರೀ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳ್ತೀನಿ. ನೀವು ಆ ಹುರಿ ಬಿಗಿದ ದಿನ ಇದು ಒಮ್ಮಿಯಾರ ನಡದೈತೇನು?”

“ಅಂದ್ರ?”

“ರೆಕ್ಸಿನ್ ಚೀಲದಾಗ ತಂದಾಗ ನಡೀತು. ಶಲ್ಯದಾಗ ತಂದಾಗ ನಡೀತು. ನೀವು ಕುರಿ ಕಾಲ ಕಟ್ಟಿದಂಗ ಕಟ್ಟಿದಾಗ ಮಾತ್ರ ಅದಕ್ಕ ಉಸುರು ಕಟ್ಟೈತಿ. ಎಲ್ಲಿ ಒತ್ತತೀರಿ ನೋಡ್ರಿ.”

ನೋಡಿದೆ. ಗಂಟು ಕೂಡುವ ಜಾಗದಲ್ಲಿ, ಯಂತ್ರದ ಮುಂದಿನ ಅಂಚಿನಲ್ಲಿ, ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಸರಿಯುವ ಗುಂಡಿ. ಅದರ ಮೇಲೆ ಹುರಿಯ ಕೆಂಪು ಬಣ್ಣ ಅಂಟಿತ್ತು. ಹುರಿ ಎಳೆದ ದಿಕ್ಕಿಗೇ ಅದು ಸರಿದು ಕೂತಿತ್ತು. ಹೆಬ್ಬೆರಳಿನಿಂದ ಎಡದಿಂದ ಬಲಕ್ಕೆ ತಳ್ಳಿದೆ. ವೈಫೈ ಆರಿಸಿ ಹಚ್ಚುವ ಗುಂಡಿಯದು; ಸಣ್ಣದೊಂದು ನೀಲಿ ದೀಪ ಹತ್ತಿತು, ಕೆಂಪು ಕತ್ತರಿ ಮಾಯವಾಯಿತು.

ಖಾಜಾಸಾಬನಿಗೆ ಮರುದಿನ ಇದನ್ನು ಹೇಳಿದೆ. ಅವನು, “ಅಜ್ಜಾರ, ಹಳೇ ಲ್ಯಾಪ್‌ಟಾಪ್ ಕೈಗೆ ಬಂದ ಕೂಡ್ಲೆ ಆ ಗುಂಡಿ ಸರಸೋದು ನನ್ನ ಹೆಬ್ಬೆಟ್ಟಿನ ಚಟ. ಸರಸ್ತೀನಿ ಅನ್ನೋದ ನನಗ ಖಬರಿಲ್ಲ. ಸುಮ್ಮನ ಕಾರ್ಡ್ ಬದಲ್ ಮಾಡಿದೆ ನೋಡ್ರಿ!” ಎಂದು ಬಿದ್ದು ಬಿದ್ದು ನಕ್ಕ. ಅವನ ಕೈ ತೆರೆಯುತ್ತಿತ್ತು, ನನ್ನ ಕೈ ಮುಚ್ಚುತ್ತಿತ್ತು. ಎರಡೂ ಕೈಗಳ ಒಡೆಯರಿಗೆ ಸುದ್ದಿಯಿಲ್ಲ. ದೊಡ್ಡ ದೊಡ್ಡ ಗ್ರಂಥಗಳಲ್ಲಿ ಅಜ್ಞಾನದ ಲಕ್ಷಣವನ್ನು ನಾನು ವಿವರಿಸಿದ್ದುಂಟು. ಅದು ನನ್ನ ಬೆರಳ ತುದಿಯಲ್ಲಿ ವಾಸವಾಗಿರುವುದನ್ನು ಮಾತ್ರ ಕಂಡಿರಲಿಲ್ಲ.

ಅಂದು ಗುಡಿಯಲ್ಲಿ, ನೀಲಿ ದೀಪ ಹತ್ತಿದ ಮೇಲೆ, ತೆರೆಯ ಮೇಲೆ ವಿರೂಪಾಕ್ಷಯ್ಯ ಬಂದ. ಮುಖ ಇಳಿದಿತ್ತು. ಹಣೆಯ ವಿಭೂತಿ ಮಾತ್ರ ಎಂದಿನಂತೆ ಅಚ್ಚುಕಟ್ಟಾಗಿತ್ತು. ವಿಷಯವೇನೆಂದು ಅವನಿಗೆ ಹೇಳುವ ಮೊದಲೇ ಬಸವರಾಜಪ್ಪ ಎಲ್ಲವನ್ನೂ ಮೈಕಿನಲ್ಲಿ ವರದಿ ಮಾಡಿದ. ನಗುತ್ತಾನೆಂದುಕೊಂಡೆ. ನಗಲಿಲ್ಲ. ಕಣ್ಣು ಅರೆಮುಚ್ಚಿ ಮಂಗಳದ ಪದ್ಯ ಎತ್ತಿಕೊಂಡ. ಬೇವಿನ ಮರದ ಕೆಳಗೆ ಗುರುಗಳ ಕೋಲು ಇಳಿಸಿದ ಅದೇ ಕಂಠ; ತುಸು ಸವೆದಿದೆ, ಅಲ್ಲಲ್ಲಿ ಹಸಿವಿಗೆ ತೂಗಾಡುತ್ತದೆ, ಆದರೆ ಎಲ್ಲಿಯೂ ಜಾರುವುದಿಲ್ಲ. ಮೊದಲ ಪದ್ಯ ಮುಗಿಯಿತು. ನಾನು ಕೈ ಎತ್ತಬೇಕಿತ್ತು. ಎತ್ತಲಿಲ್ಲ. ಎರಡನೆಯದಕ್ಕೆ ಹೋದ. ಆಗಲೂ ಕೈ ಮೊಣಕಾಲ ಮೇಲೆಯೇ ಉಳಿಯಿತು. ಅಷ್ಟು ದಿನ ನಿಲ್ಲಿಸಲಾಗದೆ ಒದ್ದಾಡಿದವನಿಗೆ, ನಿಲ್ಲಿಸುವ ಅಧಿಕಾರ ಮರಳಿ ಬಂದ ಕೂಡಲೇ, ನಿಲ್ಲಿಸುವ ಮನಸ್ಸೇ ಹೋಯಿತು. 

ಮೂರನೆಯ ಪದ್ಯದ ನಡುವೆ ಅವನೇ ನಿಂತ. ಒಂದು ಕಣ್ಣು ಅಗಲಿಸಿದ.

“ಲೇ ಶಾಸ್ತ್ರಿ, ಕೈ ಎತ್ತಲೇ! ನೀ ಅರ್ಥ ಹೇಳಿದ್ರ ನನಗ ಊಟ. ಇಲ್ಲಿ ಹೊಟ್ಟಿ ತಾಳ ಹಾಕಾಕತ್ತೈತಿ.”

ಕೈ ಎತ್ತಿದೆ. ಅರ್ಥ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ನನ್ನ ಜೀವಮಾನದಲ್ಲೇ ಅತ್ಯಂತ ಚಿಕ್ಕದಾದ ಅರ್ಥವೆಂದು ಕೇಳಿದವರು ಹೇಳುತ್ತಾರೆ. ಮಂಗಳಾರತಿಯಾಯಿತು. ಜನರು ಸಾಲಾಗಿ ಎಲೆಯ ಮುಂದೆ ಕುಳಿತರು, ಹುಗ್ಗಿ ಬಡಿಸಿದರು, ಯಾರೂ ಕೈ ಹಾಕಲಿಲ್ಲ. ಎಲ್ಲರೂ ಕತ್ತು ತಿರುಗಿಸಿ ಪೀಠದ ಮೇಲಿನ ಲ್ಯಾಪ್‌ಟಾಪು ನೋಡುತ್ತಿದ್ದರು. ಅಲ್ಲಿ ಶಾಂತವ್ವ ತಾನೇ ಮಾಡಿದ ಹುಗ್ಗಿಯ ಬಟ್ಟಲನ್ನು ಅಪ್ಪನ ಮುಂದೆ ಹಿಡಿದಳು. ಅವನು ಮೊದಲ ತುತ್ತನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟ. ನಿಧಾನವಾಗಿ ಅಗಿದ.

“ಬೆಲ್ಲ ಕಡಿಮಿ ಹಾಕೀಯಲ್ಲವಾ,” ಎಂದ ಮಗಳಿಗೆ.

ಗುಡಿಗೆ ಗುಡಿಯೇ ನಕ್ಕಿತು. ನೂರು ಕೈಗಳು ಒಮ್ಮೆಲೇ ಎಲೆಗಿಳಿದವು. ನಾನು ಪಕ್ಕಕ್ಕೆ ತಿರುಗಿ ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ನೆಲದ ಮೇಲಿದ್ದ ವಸ್ತ್ರವನ್ನೂ ಹುರಿಯನ್ನೂ ಎತ್ತಿಕೊಂಡೆ. ಅವನ ಓರೆಗಣ್ಣು ನನ್ನ ಕೈಯ ಮೇಲಿದ್ದುದನ್ನು ನಾನು ಮರೆತಿದ್ದೆ.

ಬಾಯಿತುಂಬ ಹುಗ್ಗಿಯಿಟ್ಟುಕೊಂಡೇ ಅವನು ತನ್ನ ಬಲಗೈಯನ್ನು ತುಸು ಎತ್ತಿದ. ನಾನು ನಿಂತೆ.

“ಆ ಹುರಿ ಕೆಳಗಿಡು,” ಎಂದ.